ಗಾಜಿನ ಮೇಲಿನ ಅಂಟು

ಆ ಸಂಜೆ ಕಾರಿನ ಗಾಜು ಬೆಳ್ಳಗಾದದ್ದು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಯಾವುದರಿಂದ ಹಾಗಾಯಿತು ಎಂಬುದು ಮಾತ್ರ ಇನ್ನೂ ತಿಳಿದಿಲ್ಲ.

ಅಕ್ಕನಿಗೆ ಬೈಂದೂರಿನ ಶಾಲೆಗೆ ವರ್ಗವಾಗಿತ್ತು. ಬ್ರಹ್ಮಾವರದ ಮನೆಯಿಂದ ಹೋಗಿ ಬರಲೆಂದೇ ಹೊಸದಾಗಿ ಕಾರು ಕಲಿತಿದ್ದಳು. ಒಂದು ಭಾನುವಾರ ನಾವಿಬ್ಬರೂ ಬಸ್ರೂರಿನ ಚಿಕ್ಕಿಯ ಮನೆಗೆ ಹೋದೆವು. ಮಾವು ಹೂ ಬಿಟ್ಟ ಕಾಲ. ರಸ್ತೆ ಬದಿಯ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಉಂಡು, ಸಂಜೆ ಹೊರಬಂದರೆ ಮುಂದಿನ ಗಾಜಿನ ತುಂಬ ಸಣ್ಣ ಹನಿಗಳು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಒರೆಸಲು ಹೋದರೆ ಬಟ್ಟೆಯೂ ಗಾಜಿಗೇ ಅಂಟಿತು.

ಚಿಕ್ಕಿ ಒಳಗಿನಿಂದ ತೆಂಗಿನೆಣ್ಣೆ ತಂದರು.

"ಹಲ್ಸಿನ್ ಹಣ್ಣ್ ಬಿಡ್ಸುವಾಗ ಕೈಗೆ ಎಣ್ಣಿ ಹಚ್ಕಂತಿಲ್ಯಾ? ಇದೂ ಹಾಂಗೇ. ಅಂಟ್ ಹೆದ್ರೂದ್ ಎಣ್ಣಿಗ್ ಮಾತ್ರ."

"ಕಾರಿಗೂ ಎಣ್ಣಿ ಸ್ನಾನ ಆಯ್ತಲೆ ಚಿಕ್ಕಿ," ಎಂದು ಅಕ್ಕ ನಕ್ಕಳು. ನಾನೂ ನಕ್ಕೆ. ಹನಿಗಳು ಹೋದವು, ಗಾಜು ಮಿರಿಮಿರಿ ಮಿಂಚಿತು.

ಕುಂದಾಪುರದ ಕಡೆ ತಿರುಗಿದ್ದೇ ಇಳಿಬಿಸಿಲು ಎದುರಿಗೆ ಬಿತ್ತು. ಗಾಜಿನ ತುಂಬ ಹಾಲು ಚೆಲ್ಲಿದಂತಾಯಿತು. ಅಕ್ಕ ವೈಪರ್ ಹಾಕಿದಳು. ಇನ್ನಷ್ಟು ಬೆಳ್ಳಗಾಯಿತು.

"ಎಂತದೂ ಕಾಂತಿಲ್ಲೆ ಮಾರಾಯ್ತಿ."

ನಾನು ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿದೆ. ಮುಂದೆ ಒಂದು ಸೈಕಲ್, ಅದರ ಹಿಂದೆ ಕಟ್ಟಿದ ಹುಲ್ಲಿನ ಹೊರೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಮೊದಲು ಕಿರುಚಿದೆನೋ, ಅವಳು ಮೊದಲು ಬ್ರೇಕ್ ಒತ್ತಿದಳೋ, ಎಷ್ಟು ಸಲ ನೆನೆದರೂ ಸರಿಯಾಗಿ ಜೋಡಣೆಯಾಗುವುದಿಲ್ಲ. ಹುಲ್ಲು ಬಾನೆಟ್ಟಿನ ಮೇಲೆ ಚೆಲ್ಲಿತು. ಮುದುಕರೊಬ್ಬರು ಸೈಕಲ್ ಹಿಡಿದುಕೊಂಡೇ ಚರಂಡಿಯಲ್ಲಿ ನಿಂತಿದ್ದರು.

"ಹ್ವಾಯ್, ಕಣ್ ಕಾಂತಿಲ್ಯಾ ನಿಮ್ಗೆ? ನಂಗ್ ಮೇಲ್ ಹೋಪು ಟೈಮ್ ಇನ್ನೂ ಆಯ್ಲಿಲ್ಲೆ!"

ಅವರಿಗೆ ಏನೂ ಆಗಿರಲಿಲ್ಲ. ಅಕ್ಕ ಇಳಿದು, ಬಾನೆಟ್ಟಿನ ಮೇಲಿನ ಹುಲ್ಲನ್ನೆಲ್ಲ ಬಾಚಿ ಅವರ ಹೊರೆಗೆ ಸೇರಿಸಿದಳು.

ಮರುದಿನದಿಂದ ಅವಳು ಬಸ್ಸಿನಲ್ಲಿ ಹೋದಳು. ಆ ವಾರದ ಕೊನೆಗೆ ನನ್ನನ್ನು ಕರೆದಳು.

"ಮರದ್ ತಪ್ಪಾದ್ರೆ ಆ ಮರ ಕಂಡ್ಕಂಡ್ ದೂರ ನಿಲ್ಸುವೆ. ನನ್ ತಪ್ಪಾದ್ರೆ ಕಾರ್ ಮಾರೂದೇ. ನೀ ಸಸ್ಯಶಾಸ್ತ್ರ ಓದ್ದವ್ಳಲ್ದಾ, ಯಾವ್ ಮರ ಅಂದ್ ಕಂಡ್ಕಂಡ್ ಬಾ."

ಬಸ್ರೂರಿಗೆ ಹೋಗಿ ಅದೇ ಜಾಗದಲ್ಲಿ ನಿಂತೆ. ಅಲ್ಲಿದ್ದದ್ದು ಒಂದಲ್ಲ, ಎರಡು ಮರ: ಮಾವು ಮತ್ತು ಮಳೆಮರ. ಕೊಂಬೆಗಳು ಒಂದರೊಳಗೊಂದು ಹೊಕ್ಕಿದ್ದವು. ಮಾವಿನ ಹೂವಿನಲ್ಲಿ ಜಿಗಿಹುಳು ಕೂತು ಸಿಹಿ ಅಂಟು ಸುರಿಸುವುದನ್ನು ಓದಿದ್ದೆ. ಮಳೆಮರದ ಹುಳುಗಳೂ ಅದೇ ಕೆಲಸ ಮಾಡುತ್ತವೆ. ಬಾಳೆಲೆ ಹಿಡಿದೆ. ಹನಿ ಬಿದ್ದವು. ಎಲ್ಲಿಂದ ಎಂದು ತಲೆ ಎತ್ತಿ ನೋಡಿದರೆ ಎಲೆ, ಬೆಳಕು, ಮತ್ತೆ ಎಲೆ. ಮರ ಗೊತ್ತಾದರೂ ಆಗುವುದೇನು? ಗಾಜು ಬೆಳ್ಳಗಾದದ್ದು ಅಂಟಿನಿಂದಲೋ, ಎಣ್ಣೆಯಿಂದಲೋ, ಎರಡೂ ಸೇರಿಯೋ? ಕಾಣದಿದ್ದ ಮೇಲೂ ಕಾರು ಯಾಕೆ ನಿಲ್ಲಲಿಲ್ಲ?

"ಗೊತ್ತಾಯ್ಲಿಲ್ಲೆ," ಎಂದೆ ಮನೆಗೆ ಬಂದು.

ಅಕ್ಕ ಬಕೆಟ್ಟಿನಲ್ಲಿ ಸೋಪಿನ ನೀರು ತಂದು, ಗಾಜು ಕಿರುಗುಟ್ಟುವ ತನಕ ತಿಕ್ಕಿದಳು.

"ಹತ್ತ್," ಎಂದು ಕಾರಿನ ಬಾಗಿಲು ತೆಗೆದಳು.

"ಮಾರೂದಿಲ್ಯಾ?"

"ಗೊತ್ತಿಲ್ದೆ ಮಾರೂದ್ ಹ್ಯಾಂಗೆ? ಕೂಕೊ."

ಕೋಟೇಶ್ವರದ ತನಕ ಹೋದೆವು. ತಿರುವು ಬಂದಾಗಲೆಲ್ಲ "ರಸ್ತೆ ಕಾಂತಾ?" ಎಂದು ಕೇಳಿದೆ. "ಕಾಂತ್," ಎಂದಳು. ಇಳಿಯುವಾಗ ನನ್ನ ಬಲಗಾಲು ಜೋಮು ಹಿಡಿದಿತ್ತು. ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಲೇ ಬಂದಿದ್ದೆ.