ಅಗ್ಗದ ವೈನಿಗೆ ಬಯ್ಯುವ ಕ್ರಮ

ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಮನೆ ಮದ್ದೂರಿನಲ್ಲಿ, ಓಡಾಟ ಬೈಕಿನಲ್ಲಿ. ನಮ್ಮ ಕಡೆ ಮೇಷ್ಟ್ರೊಬ್ಬ ವೈನು ಕುಡಿದರೆ ಎರಡು ಕಡೆಯಿಂದಲೂ ಮರ್ಯಾದೆ ಹೋಗುತ್ತದೆ. ಕುಡಿಯದವರು, ಮೇಷ್ಟ್ರೂ ಕುಡೀತಾರಂತೆ ಅನ್ನುತ್ತಾರೆ. ಕುಡಿಯುವವರು, ಕುಡಿಯೋದೇ ಆದ್ರೆ ಅದ್ಯಾಕ್ಲಾ ಆ ಸರ್ಬತ್ತು ಅನ್ನುತ್ತಾರೆ. ಅದಕ್ಕೇ ಅಂಗಡಿಗೆ ಹೋದಾಗ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಒಂದು ದಿನ ಅಂಗಡಿಯವನು, “ಸಾರ್, ನಮ್ ಮಗ್ಳು ಮೊಬೈಲಲ್ಲಿ ನಿಮ್ ಪಾಠ ಕೇಳೋಳು, ದನಿ ಗೊತ್ತಾಯ್ತದೆ. ತೆಗ್ದುಬುಡಿ, ಸೆಕೆ” ಎಂದ. ತೆಗೆದೆ.

ಈ ಹುಚ್ಚು ಹಿಡಿದದ್ದು ಸಹೋದ್ಯೋಗಿಗಳ ಜೊತೆ ಒಂದು ದ್ರಾಕ್ಷಿ ತೋಟಕ್ಕೆ ಪ್ರವಾಸ ಹೋದಾಗ. ಅಲ್ಲಿ ಪುಟ್ಟ ಪುಟ್ಟ ಲೋಟದಲ್ಲಿ ನಾಲ್ಕು ಬಗೆ ರುಚಿ ತೋರಿಸಿದರು. ಉಳಿದವರೆಲ್ಲ ಅದನ್ನು ಅಲ್ಲೇ ಮರೆತು ಬಸ್ಸು ಹತ್ತಿದರು. ನಾನು ಮಾತ್ರ ಮನೆಗೆ ಬಂದು ಫೇಸ್‌ಬುಕ್ಕಿನಲ್ಲಿ ಹುಡುಕಿ, ಕನ್ನಡದಲ್ಲೇ ಇದ್ದ ವೈನುಪ್ರಿಯರ ಒಂದು ಗುಂಪಿಗೆ ಸೇರಿಕೊಂಡೆ. ಗುಂಪಿನ ಯಜಮಾನರು ಮೇಲ್ಗಡೆ ಎರಡೇ ನಿಯಮ ಬರೆದಿದ್ದರು. ರಾಜಕೀಯ ಬೇಡ. ಇನ್ನೊಬ್ಬರ ಲೋಟವನ್ನು ಆಡಿಕೊಳ್ಳಬೇಡಿ. ಮೊದಲನೆಯದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ.

ಆ ಗುಂಪಿನಲ್ಲಿ ಅಗ್ಗದ ಒಂದು ಕೆಂಪು ವೈನಿಗೆ ಭಾರೀ ಅಭಿಮಾನಿಗಳಿದ್ದರು. ಬೇಸಿಗೆಯಲ್ಲಿ ಒಂದು ಬೆಳಗ್ಗೆ ಆ ಬಾಟಲಿ ಕೊಂಡು, ಬೈಕಿನ ಡಬ್ಬದಲ್ಲಿಟ್ಟು ಕಾಲೇಜಿಗೆ ಹೋದೆ. ಸಂಜೆ ಮನೆಗೆ ಬಂದವನೇ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ನಿಂಬೆಹಣ್ಣಿನ ಉಪ್ಪಿನಕಾಯಿ ನೆಂಚಿಕೊಂಡು ಕುಡಿದೆ. ಮುಖ ಹಿಂಡಿಹೋಯಿತು. ಬಾಯಿಯ ಸಂಕಟ ಬೆರಳಿಗೆ ಬಂತು. ಗುಂಪಿನಲ್ಲಿ ಹೀಗೆ ಬರೆದೆ: “ಹಸಿ ಹುಣಸೆಕಾಯನ್ನು ತುಕ್ಕು ಮೊಳೆಯ ಜೊತೆ ಬೇಯಿಸಿ, ಮೇಲೆ ಕೆಮ್ಮಿನ ಔಷಧಿ ಸುರಿದಂತಿದೆ. ಇದು ಚೆನ್ನಾಗಿದೆ ಅನ್ನುವವರು ತಮ್ಮ ನಾಲಿಗೆಯನ್ನು ದನದ ಡಾಕ್ಟರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.”

ನಗುವ ಮುಖಗಳು ಸಾಲುಗಟ್ಟಿ ಬಂದವು. ಎಂಜಾಯ್‌ಮೆಂಟು ಅಂದರೆ ವೈನಲ್ಲ, ಇದು ಅನ್ನಿಸಿತು. ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, “ಕುಡ್ದೋರು ಯಾರೋ ಏನೋ, ನಿಮಗ್ಯಾಕೆ ಅವ್ರ ನಾಲಿಗೆ” ಎಂದಳು. ಅಸೂಯೆ ಅಂದುಕೊಂಡೆ.

ಮಾರನೇ ದಿನ ಒಂದು ಉತ್ತರ ಬಂದಿತ್ತು. “ನಮಸ್ಕಾರ ಮೇಷ್ಟ್ರೇ. ನೀವು ಹೇಳಿದ ನಾಲಿಗೆ ನನ್ನದು. ದನದ ಡಾಕ್ಟರಿಗೆ ತೋರಿಸಲು ಏನೂ ಅಡ್ಡಿಯಿಲ್ಲ, ನಮ್ಮ ಯಜಮಾನರು ಅದೇ ಕೆಲಸದಲ್ಲಿದ್ದು ನಿವೃತ್ತರಾದವರು. ನಾನು ನರ್ಸಾಗಿದ್ದೆ. ನಾವು ಮಳವಳ್ಳಿಯವರು. ಬಾಟಲಿಯನ್ನು ಎಷ್ಟು ಹೊತ್ತು ಎಲ್ಲಿಟ್ಟಿದ್ದಿರಿ? ಯಾವ ಲೋಟ? ಜೊತೆಗೆ ಏನು ತಿಂದಿರಿ?”

ರೋಗಿಯನ್ನು ವಿಚಾರಿಸಿದ ಹಾಗಿತ್ತು. ನಿಜ ಹೇಳುವುದು ಬಿಟ್ಟು ದಾರಿಯಿರಲಿಲ್ಲ. ಬೈಕಿನ ಡಬ್ಬ, ಇಡೀ ದಿನದ ಬಿಸಿಲು, ಸ್ಟೀಲ್ ಲೋಟ, ಉಪ್ಪಿನಕಾಯಿ ಎಂದು ಒಂದೊಂದಾಗಿ ಒಪ್ಪಿಸಿದೆ. ನಿನ್ನೆ ನಕ್ಕ ಮುಖಗಳೇ ಇವತ್ತು ನನ್ನನ್ನು ನೋಡಿ ನಕ್ಕವು. ಯಾರೋ ಒಬ್ಬ, “ಕೆಮಿಸ್ಟ್ರಿ ಮೇಷ್ಟ್ರು ವೈನನ್ನು ಕಷಾಯ ಮಾಡಿ ಕುಡಿದಿದ್ದಾರೆ” ಎಂದು ಬರೆದ. ಗುಂಪಿನ ಯಜಮಾನರು ಎರಡನೇ ನಿಯಮವನ್ನು ಇನ್ನೊಮ್ಮೆ ಅಂಟಿಸಿದರು. ಆಕೆ ಮಾತ್ರ ನಗಲಿಲ್ಲ. ಫೋನ್ ನಂಬರು ಕೊಟ್ಟು, “ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ, ಅದೇ ವೈನು ಕುಡಿಯೋಣ” ಎಂದು ಕರೆದರು. “ಓಗಿ, ಉಗಿಸ್ಕೊಂಡ್ ಬನ್ನಿ” ಎಂದು ಹೆಂಡತಿ ಆಶೀರ್ವಾದ ಮಾಡಿ ಕಳಿಸಿದಳು.

ಮಳವಳ್ಳಿಯಿಂದ ಬೆಳಕವಾಡಿ ಕಡೆ ಹೋಗುವ ರಸ್ತೆಯಲ್ಲಿ ಅವರ ಮನೆ. ಬಾಗಿಲಲ್ಲೇ ಡಾಕ್ಟರು ನಿಂತಿದ್ದರು. ಪಂಚೆ, ಬನಿಯನ್ನು, ಎತ್ತಿನ ಕೊಂಬು ಹಿಡಿದು ಹಿಡಿದು ಬಲಿತ ಕೈ. ನಗದೆ, “ಬನ್ನಿ. ಮೊದ್ಲು ನಾಲಿಗೆ ತೆಗೀರಿ” ಎಂದರು. ನಾನು ನಿಜವಾಗಿಯೂ ತೆಗೆದೆ. ಅವರು ಕನ್ನಡಕ ಏರಿಸಿ ನೋಡಿ, “ಏನೂ ಆಗಿಲ್ಲ, ಮೇವು ತಿನ್ಬೋದು” ಎಂದು ಒಳಗೆ ಕರೆದುಕೊಂಡು ಹೋದರು.

ಆಕೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದಿದ್ದರು. ಗಾಜಿನ ಲೋಟ, ಹುರಿದ ಹೊಳೆ ಮೀನು. ಕುಡಿದೆ. ತುಕ್ಕು ಮೊಳೆ ಹೋಗಿತ್ತು. ಔಷಧಿಯೂ ಇರಲಿಲ್ಲ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಒಗರಾಗುತ್ತದಲ್ಲ, ಅಂಥದ್ದೇನೋ ಇತ್ತು. ಆದರೂ ಹುಳಿ ಹಾಗೇ ಉಳಿದಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು, “ಬಹಳ ಚೆನ್ನಾಗಿದೆ ಅಮ್ಮ” ಎಂದೆ.

“ಸುಳ್ಳು ಯಾಕೆ ಏಳ್ತೀರಿ? ಮೂವತ್ತೈದು ವರ್ಸ ಇಂಜೆಕ್ಷನ್ ಕೊಟ್ಟಿವ್ನಿ, ನೋವಾಗಿಲ್ಲ ಅನ್ನೋರ ಮುಖ ನಂಗೆ ಗೊತ್ತು.”

“ಸ್ವಲ್ಪ ಹುಳಿ ಜಾಸ್ತಿ ಅನ್ನಿಸ್ತು.”

“ಅಂಗ್ ಅನ್ನಿ. ಹುಳಿ ಅಂದ್ರೆ ನಾನೇನು ಅತ್ಕಂಡ್ ಕೂರಕಿಲ್ಲ. ಬಾಟ್ಲಿಗೆ ಎಷ್ಟ್ ಬೇಕಾದ್ರೂ ಬಯ್ರಿ ಮೇಷ್ಟ್ರೇ. ಕುಡಿಯೋರ ಬಾಯ್ಗೆ ಯಾಕೆ ಕೈ ಆಕ್ತೀರಿ? ಆಸ್ಪತ್ರೆ ಕೆಲ್ಸ ಮುಗ್ಸಿ ದಣ್ದ್ ಬರೋಳು ನಾನು, ನನ್ ಸಂಬಳದಲ್ಲಿ ಸಿಕ್ಕಿದ್ದು ಇದು. ಇದ್ರಲ್ಲೇ ಇಷ್ಟಪಡೋದು ಕಲ್ತೆ.”

ಅಷ್ಟು ಹೇಳಿ, ಇನ್ನಷ್ಟು ಮೀನು ಹುರಿಯಲು ಒಳಗೆ ಹೋದರು. ನನಗೆ ತಲೆ ಎತ್ತಲು ಆಗಲಿಲ್ಲ. ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ನನ್ನನ್ನು ಸಮಾಧಾನ ಮಾಡುತ್ತಾರೆ ಅಂದುಕೊಂಡೆ.

“ಸಾರ್, ನೀವು ಬರ್ದಿದ್ದು ಓದಿ ಬಾಳ ಸಂತೋಸ ಆಯ್ತು” ಎಂದು ಪಿಸುಗುಟ್ಟಿದರು. “ತುಕ್ ಮೊಳೆ. ಅದೇ ಕಣ್ರೀ ಅದು. ಅನ್ನೊಂದು ವರ್ಸದಿಂದ ಏನ್ ರುಚಿ ಇದು, ಏನ್ ರುಚಿ ಇದು ಅಂತಿದ್ದೆ, ಬಾಯ್ಗ್ ಬತ್ತಿರ್ನಿಲ್ಲ.”

“ಮತ್ತೆ ಯಾಕೆ ಕುಡೀತೀರಿ?”

“ಅವ್ಳು ಕುಂತ್ಕಳದೇ ಭಾನುವಾರ ಒಂದಿನ. ಒಬ್ಳೇ ಕುಡ್ಕೋ ಓಗು ಅನ್ನಕಾಯ್ತದಾ?” ಎಂದು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. ಆಮೇಲೆ, “ಏಳ್ಬುಡಬ್ಯಾಡಿ” ಎಂದರು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮನೆಗೆ ಬಂದು ಗುಂಪಿನಲ್ಲಿ ಕ್ಷಮೆ ಕೇಳಿ ಬರೆದೆ. ಬಾಟಲಿಯನ್ನು ಕಾಯಿಸಿದ ತಪ್ಪು ನನ್ನದು, ನಾಲಿಗೆಯ ಮಾತು ಆಡಬಾರದಿತ್ತು, ವೈನು ಇಷ್ಟವಾಗದಿದ್ದರೆ ಯಾಕಾಗಲಿಲ್ಲ ಎಂದು ಹೇಳಿ ಸುಮ್ಮನಾಗಬೇಕು ಎಂದೆಲ್ಲ ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪ್ರಯೋಗ ಮಾಡಿದವನು ಫಲಿತಾಂಶ ಬರೆಯದೆ ಇರುತ್ತಾನೆಯೇ? ಕೊನೆಗೆ ಒಂದು ಸಾಲು ಸೇರಿಸಿದೆ: “ಸರಿಯಾಗಿ ತಣ್ಣಗೆ ಮಾಡಿ ಮೂವರು ಕುಡಿದೆವು. ಒಬ್ಬರಿಗೆ ತುಂಬ ಇಷ್ಟ, ಇಬ್ಬರಿಗೆ ಅಷ್ಟಕ್ಕಷ್ಟೆ.”

ಹತ್ತು ನಿಮಿಷಕ್ಕೆ ಫೋನು ಬಂತು.

“ಮೇಷ್ಟ್ರೇ, ನಿಮ್ ಕ್ಷಮಾಪಣೆ ಓದ್ದೆ. ಚೆನ್ನಾಗದೆ. ಮೂರು ಜನ ಕುಡುದ್ವಿ. ಇಷ್ಟ ಆಗಿದ್ದು ನಂಗೆ. ಆಗ್ದೆ ಇದ್ದೋರಲ್ಲಿ ಒಬ್ರು ನೀವು. ಇನ್ನೊಬ್ರು ಯಾರು?”

“ಅದು ಅಮ್ಮ, ಬರೆಯುವಾಗ ಲೆಕ್ಕ ತಪ್ಪಿತು.”

“ನಿಮ್ಗೆ ತಪ್ಪಲ್ಲ ಬುಡಿ. ಒಂಚೂರು ಇರಿ.” ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ದೂರದಲ್ಲಿ ಅವರ ದನಿ ಕೇಳಿಸಿತು: “ರೀ, ಬನ್ನಿ ಇಲ್ಲಿ. ನಿಮಗೆ ಆ ವೈನು ಇಡ್ಸಲ್ವಾ?”

ಕುರ್ಚಿ ಸರಿದದ್ದು ಕೇಳಿಸಿತು. ಆಮೇಲೆ ಡಾಕ್ಟರ ದನಿ ಬಂತು: “ಮೀನು ಬಾಳ ಚೆನ್ನಾಗಿತ್ತು ಕಣೆ.”

ನಾನು ಫೋನ್ ಇಟ್ಟುಬಿಟ್ಟೆ. ನನ್ನ ಹೆಂಡತಿಗೆ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣಲ್ಲಿ ನೀರು ಹಾಕಿಕೊಂಡಳು. ಮೊದಲು ನಾನು ಒಬ್ಬರ ನಾಲಿಗೆಗೆ ಬಯ್ದಿದ್ದೆ, ಈಗ ಒಂದು ಮನೆಯನ್ನೇ ಕೆಡಿಸಿದೆ ಎಂದಳು. ಆ ಸಾಲನ್ನು ಅಳಿಸಿದೆ. ಅಷ್ಟರಲ್ಲಿ ಗುಂಪಿನಲ್ಲಿ ಮೂರು ಜನ, ಆ ಎರಡನೆಯವರು ಯಾರು ಎಂದು ಕೇಳಿಯಾಗಿತ್ತು.

ಎರಡು ವಾರ ಮಳವಳ್ಳಿಯಿಂದ ಸುದ್ದಿಯಿಲ್ಲ. ನಾನಾಗಿ ಫೋನ್ ಮಾಡುವ ಧೈರ್ಯವಿರಲಿಲ್ಲ. ಪಾಠ ಮಾಡುವಾಗ ಹುಡುಗರು ಏನಾದರೂ ತಪ್ಪು ಮಾಡಿದರೆ ಬಯ್ಯಲು ಬಾಯಿ ಬರುತ್ತಿರಲಿಲ್ಲ. ಮೂರನೇ ವಾರ ಗುಂಪಿನಲ್ಲಿ ಆಕೆಯದೇ ಬರಹ ಕಾಣಿಸಿತು. “ನಮ್ಮ ಯಜಮಾನರಿಗೆ ನನ್ನ ವೈನು ಹನ್ನೊಂದು ವರ್ಷದಿಂದ ಇಷ್ಟವಿಲ್ಲವಂತೆ, ಮೊನ್ನೆ ಒಪ್ಪಿಕೊಂಡರು. ಅರ್ಧರ್ಧ ಬಾಟಲಿ ಸುಮ್ಮನೆ ದಂಡವಾಯಿತಲ್ಲ ಎಂಬ ಹೊಟ್ಟೆಯುರಿ ನನಗೆ. ಹುಳಿ ಒಗ್ಗದವರಿಗೆ ಏನು ಕೊಡಬೇಕು, ತಿಳಿದವರು ಹೇಳಿ.”

ಇಡೀ ಗುಂಪು ಡಾಕ್ಟರ ಸೇವೆಗೆ ನಿಂತಿತು. ಬಿಳಿ ಕೊಡಿ, ಗುಲಾಬಿ ಬಣ್ಣದ್ದು ಕೊಡಿ, ಸಿಹಿಯದು ಕೊಡಿ. ಯಾರೂ ಯಾರ ನಾಲಿಗೆಯ ಸುದ್ದಿಗೂ ಹೋಗಲಿಲ್ಲ. ಆಕೆ ವಾರಕ್ಕೊಂದರಂತೆ ತರಿಸಿ ಕೊಟ್ಟರು. ಡಾಕ್ಟರು ಹೇಳಿದ್ದನ್ನೆಲ್ಲ ತಾವೇ ಗುಂಪಿನಲ್ಲಿ ವರದಿ ಮಾಡಿದರು. ಬಿಳಿಯದಕ್ಕೆ, “ದ್ರಾಕ್ಷಿ ತೊಳ್ದ ನೀರು.” ಗುಲಾಬಿಗೆ, “ನೋಡಕ್ ಚೆನ್ನಾಗದೆ, ನೋಡ್ಬುಟ್ಟು ಇಟ್ಬುಡನ.” ಸಿಹಿಯದಕ್ಕೆ, “ಕರು ಬೇಕಾದ್ರೆ ಕುಡೀತದೆ.” ನಾಲ್ಕನೇ ವಾರ ಆಕೆ ಕೈಚೆಲ್ಲಿ ಅವರಿಗೊಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟರು. ಅದರ ಫೋಟೋಗೆ ಗುಂಪಿನಲ್ಲಿ ಸಿಕ್ಕ ಮೆಚ್ಚುಗೆ ಯಾವ ವೈನಿಗೂ ಸಿಕ್ಕಿರಲಿಲ್ಲ. ವೈನಲ್ಲದ್ದನ್ನು ಹಾಕಬಾರದೆಂದು ಗುಂಪಿನ ಯಜಮಾನರು ಹೊಸ ನಿಯಮ ಸೇರಿಸಲು ಹೊರಟು, ಎಲ್ಲರ ಬಾಯಿಗೆ ಸಿಕ್ಕಿ ಹಿಂದೆಗೆದರು.

ಮಳೆ ಶುರುವಾದ ಮೇಲೆ ಆಕೆ ನನ್ನನ್ನು ಮತ್ತೆ ಊಟಕ್ಕೆ ಕರೆದರು. ಈ ಸಲ ನನ್ನ ಹೆಂಡತಿಯೂ ಬಂದಳು. ಡಾಕ್ಟರು ಮಜ್ಜಿಗೆ ಕುಡಿಯುತ್ತಾ, ಕೊಟ್ಟ ಮಾತು ಮುರಿದವನೆಂದು ನನ್ನನ್ನು ಹೆಂಡತಿಯ ಎದುರೇ ಚೆನ್ನಾಗಿ ಬಯ್ದರು. ಬಯ್ದು ಮುಗಿಸಿ, “ಆದ್ರೂ ಒಟ್ಟೆ ಈಗ ತಣ್ಗದೆ” ಎಂದರು. ಆಕೆ ನನಗೆ ಹೊಸದೊಂದು ಅಗ್ಗದ ವೈನು ಬಗ್ಗಿಸಿದರು. ಕುಡಿದು ನೋಡಿ, ಒಗರು ಹೆಚ್ಚು, ನನಗೆ ಸಾಕು ಎಂದೆ.

“ಆಗ್ಲಿ” ಎಂದು ನನ್ನ ಲೋಟದಲ್ಲಿ ಉಳಿದದ್ದನ್ನು ತಮ್ಮ ಲೋಟಕ್ಕೆ ಸುರಿದುಕೊಂಡು, ನನ್ನ ಹೆಂಡತಿಯ ತಟ್ಟೆಗೆ ಇನ್ನೊಂದು ಮೀನು ಹಾಕಿದರು.