ಬೀಗ ಹಾಕಿದ ಮನೆಯ ಜಗಲಿ

ನಮ್ಮಂಥ ನರ್ಸುಗಳಿಗೆ ಸಂಶೋಧನೆ ಮಾಡೋದು, ಅದಕ್ಕೆ ಪ್ರಸ್ತಾವನೆ ಬರೆಯೋದು ಕಲಿಸೋಕೆ ಹುಣಸೂರಿಗೆ ಒಬ್ಬ ಮೇಡಂ ಬರುತ್ತಿದ್ದರು. ಏನೇ ಬರೆದುಕೊಟ್ಟರೂ ಕನ್ನಡಕವನ್ನು ಹಣೆಗೇರಿಸಿ, "ನಿಮಗೆ ಹೆಂಗೆ ಗೊತ್ತಾಯ್ತು?" ಅನ್ನೋರು. ದನಿಯಲ್ಲಿ ಕೋಪವಿರುತ್ತಿರಲಿಲ್ಲ, ನಮಗೆ ಅದೇ ಹೆದರಿಕೆ.

ನನ್ನ ವಿಷಯ ಹೆಂಗಸರ ಕೆಮ್ಮು. ಪಿರಿಯಾಪಟ್ಟಣದ ಕಡೆ ಒಂದು ಹೊಗೆಸೊಪ್ಪಿನ ಊರಲ್ಲಿ ಇಪ್ಪತ್ತು ಮನೆ ಕೇಳಿಕೊಂಡು ಬಂದಿದ್ದೆ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಿದ್ದೆ. ಕೆಮ್ಮು ಅಷ್ಟೇನಿಲ್ಲ ಅಂತ ಬರೆದೆ.

ಅದನ್ನೋದಿ, ಬಿಟ್ಟ ಮನೆಗಳ ವಿಷಯ ಕೇಳಿಕೊಂಡ ಮೇಡಂ ಮರುದಿನವೇ ನನ್ನ ಜೊತೆ ಬಸ್ಸು ಹತ್ತಿದರು. ನಾನು ಬಿಟ್ಟಿದ್ದ ಒಂದು ಬೀಗದ ಮನೆಯ ಜಗಲಿ ಮೇಲೆ ಕೂತುಬಿಟ್ಟರು. ಮಧ್ಯಾಹ್ನ ಕಳೆಯಿತು.

"ಪಕ್ಕದ ಮನೇಲಿ ಜನ ಇದಾರೆ ಮೇಡಂ," ಅಂದೆ.

ಅವರು ಏಳಲಿಲ್ಲ.

ಸಂಜೆ ಒಬ್ಬ ಹೆಂಗಸು ಕೆಮ್ಮುತ್ತಾ ಬಂದಳು. ದಿನವೆಲ್ಲ ಸೊಪ್ಪು ಕಟ್ಟಿ ಅವಳ ಕೈ ಅಂಟಂಟಾಗಿ ಕಪ್ಪಾಗಿತ್ತು.

"ನಂಗೋಸ್ಕರ ಕಾಯ್ತಾ ಕುಂತಿದ್ರಾ ಅವ್ವಾ?"

"ಊಂ ಕಣವ್ವ. ನಿಮ್ಮನ್ನ ಕೇಳದೆ ಹೆಂಗೆ ಬರೆಯೋದು?"

ಬೀದಿಯುದ್ದಕ್ಕೂ ಒಂದೊಂದೇ ಬೀಗ ತೆಗೆಯುವ ಸದ್ದು, ಅದರ ಹಿಂದೆಯೇ ಕೆಮ್ಮು.