ಹಿಡಿಕೆಯ ಮೇಲಿನ ಗಂಟು

ಆಂಟಿಯ ಬಲಗೈ ತೋರುಬೆರಳಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಇತ್ತು. ಬಾಳೆನಾರು ಎಳೆದೂ ಎಳೆದೂ ಚಿಕ್ಕಂದಿನಲ್ಲೇ ಬಿದ್ದ ಗೆರೆ. ಸಿದ್ದಾಪುರದ ಗಲ್ಲಿಯೊಂದರಲ್ಲಿ ಅವರ ಅಮ್ಮ ಹೂ ಕಟ್ಟಿ ಮಾರುತ್ತಿದ್ದರಂತೆ. ಮಗಳು ಶಾಲೆಯಿಂದ ಬಂದವಳೇ ಮೊರದ ಮುಂದೆ ಕೂರಬೇಕಿತ್ತು. ಆ ಗೆರೆಯೊಂದು ಬಿಟ್ಟರೆ ಕೈ ಪೂರ್ತಿ ಬೆಣ್ಣೆ. ದಿನವಿಡೀ ಲೋಶನ್ನಿನಲ್ಲಿ ಕೈಯಾಡಿಸುವವರಿಗೆ ಇನ್ನೇನಾದೀತು! ಅವರು ಬಂದು ಹೋದ ಮೇಲೂ ಮೆಟ್ಟಿಲ ಹತ್ತಿರ ನಿಂಬೆಹುಲ್ಲಿನ ಘಮ ನಿಂತಿರುತ್ತಿತ್ತು.

ಅರೆಕೆರೆಯ ಆ ಕಟ್ಟಡದಲ್ಲಿ ಮೇಲಿನ ಮನೆ ನಮ್ಮದು, ಕೆಳಗೆ ಆಂಟಿಯ ಯೂನಿಟ್ಟು. ಹೋಟೆಲು, ಸ್ಪಾಗಳಿಗೆ ಶಾಂಪೂ, ಕಂಡೀಷನರ್, ಬಾಡಿ ಲೋಶನ್ನು ತಯಾರಿಸಿ ದೊಡ್ಡ ಕ್ಯಾನುಗಳಲ್ಲಿ ಕಳಿಸುವ ಕೆಲಸ. ಅಲ್ಲಿಯವರು ಅದನ್ನು ಬಾತ್‌ರೂಮಿನ ಪಂಪ್ ಬಾಟಲಿಗಳಿಗೆ ಸುರಿದುಕೊಂಡು ಖಾಲಿ ಕ್ಯಾನು ವಾಪಸ್ ಕಳಿಸುತ್ತಾರೆ. ತೊಳೆದು, ಒಣಗಿಸಿ, ಅದಕ್ಕೇ ಮತ್ತೆ ತುಂಬುವುದು. ನಾನೇನೂ ಕೆಲಸ ಹುಡುಕಿಕೊಂಡು ಹೋದವಳಲ್ಲ. ಮದುವೆಯಾಗಿ ದಾವಣಗೆರೆಯಿಂದ ಬಂದ ಹೊಸತು. ಗಂಡ ಆಫೀಸಿಗೆ ಹೋದರೆ ಈ ಊರಿನಲ್ಲಿ ನನಗೆ ಮಾತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತಿದ್ದೆ. ಆಂಟಿ ಒಂದು ದಿನ ಒಳಗಿನಿಂದಲೇ ಕೂಗಿದರು: "ಸುಮ್ನೆ ಯಾಕಮ್ಮ ಕೂತಿದೀಯ? ಬಾ, ಮುಚ್ಚಳ ಹಾಕು." ಮುಚ್ಚಳ ಹಾಕಲು ಒಳಗೆ ಹೋದವಳು ಆಮೇಲೆ ಮೇಲೆ ಹತ್ತಿದ್ದು ಅಡುಗೆ ಮಾಡುವುದಕ್ಕೆ, ಮಲಗುವುದಕ್ಕೆ ಮಾತ್ರ.

ನಾನು ಸೇರಿದ ವರ್ಷದ ಮಳೆಗಾಲದಲ್ಲಿ ಒಂದು ಭಾನಗಡಿಯಾಯಿತು. ಹೋಟೆಲುಗಳ ಸ್ಟೋರ್‌ರೂಮು ಎಂದರೆ ಸದಾ ಒದ್ದೆ. ಕ್ಯಾನಿಗೆ ಅಂಟಿಸಿದ ಚೀಟಿ ಜಾರಿ ನೆಲಕ್ಕೆ ಬಿದ್ದಿರುತ್ತಿತ್ತು. ಕಂಡೀಷನರೂ ಬೆಳ್ಳಗೆ, ಲೋಶನ್ನೂ ಬೆಳ್ಳಗೆ. ಜಯನಗರದ ಒಂದು ಸಣ್ಣ ಸ್ಪಾದಲ್ಲಿ ಮಸಾಜಿನ ಹುಡುಗಿ ಲೋಶನ್ನೆಂದು ಕಂಡೀಷನರನ್ನೇ ಗಿರಾಕಿಯ ಮೈಗೆಲ್ಲ ಬಳಿದಳು. ಸ್ಪಾದ ಓನರು ಫೋನಿನಲ್ಲಿ ಹಾರಾಡಿದರು. ಆಂಟಿ ಆಟೋ ಹಿಡಿದು ಓಡಿದರು, ಕ್ಷಮೆ ಕೇಳಿದರು, ಹೊಸ ಕ್ಯಾನು ಇಟ್ಟು ಬಂದರು. ಬಂದವರು ಕುರ್ಚಿಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. "ಆ ಮೇಡಂ ಮೈಯೆಲ್ಲಾ ರೇಷ್ಮೆ ಆಗೋಯ್ತಂತೆ ಕಣಮ್ಮ. ಟೇಬಲ್ ಮೇಲೆ ನಿಲ್ತಾನೇ ಇಲ್ವಂತೆ, ಜಾರ್ತಾ ಇದ್ರಂತೆ!"

ಮರುದಿನ ಬೆಳಿಗ್ಗೆ ದಪ್ಪ ನೂಲಿನ ಉಂಡೆಗಳನ್ನು ತಂದರು. ಶಾಂಪೂಗೆ ಹಳದಿ, ಕಂಡೀಷನರಿಗೆ ಹಸಿರು, ಲೋಶನ್ನಿಗೆ ಕೆಂಪು. ಪ್ರತಿ ಕ್ಯಾನಿನ ಹಿಡಿಕೆಗೂ ಒಂದೊಂದು ಗಂಟು. "ಸ್ಪಾದ ಹುಡುಗಿ ಅಸ್ಸಾಮಿಂದ ಬಂದೋಳಾದ್ರೂ ಸರಿ, ಕೋಲಾರದೋಳಾದ್ರೂ ಸರಿ, ಕೆಂಪು ಅಂದ್ರೆ ಕೆಂಪೇ ಅಲ್ವಾ?" ಎಂದರು. ಗಂಟು ಮಾತ್ರ ಹೂ ಕಟ್ಟುವವರ ಗಂಟು. ದಾರವನ್ನು ಬೆರಳಿಗೆ ಸುತ್ತಿ, ಹೊರಳಿಸಿ, ಸರಕ್ಕನೆ ಎಳೆದರೆ ಮುಗಿಯಿತು. ನೀರು ಬಿದ್ದಷ್ಟೂ ಅದು ಬಿಗಿಯುತ್ತಿತ್ತು. "ಹಾಕ್ದೋಳ ಕೈಲೂ ಬಿಚ್ಚೋಕಾಗ್ಬಾರ್ದು, ಅದು ಗಂಟು," ಎನ್ನುತ್ತಿದ್ದರು. ನನಗೂ ಕಲಿಸಲು ನೋಡಿದರು. ನನ್ನ ಗಂಟು ಒಂದೇ ಸಲ ಹೋಟೆಲಿಗೆ ಹೋಗಿ ಬರುವಷ್ಟರಲ್ಲಿ ಕಳಚಿ ಬೀಳುತ್ತಿತ್ತು. "ಇದೇನು ಗಂಟಾ, ಇಲ್ಲಾ ಮುನಿಸ್ಕೊಂಡಿರೋ ದಾರಾನಾ?" ಎಂದು ಕೆಣಕಿ, ನನ್ನ ಕೈಯಿಂದ ಕಿತ್ತುಕೊಂಡು ತಾವೇ ಕಟ್ಟುತ್ತಿದ್ದರು. ನಾನೂ ಹಾಯಾಗಿ ಬಿಟ್ಟುಕೊಡುತ್ತಿದ್ದೆ. ಅವರಿದ್ದಾರಲ್ಲ, ನನಗೇಕೆ ಬೇಕು?

ಅಷ್ಟೊಂದು ಹೋಟೆಲುಗಳಿಗೆ ಸಾಮಾನು ಕೊಡುತ್ತಿದ್ದರೂ ಆಂಟಿ ಯಾವುದರ ಮುಂಬಾಗಿಲನ್ನೂ ನೋಡಿದವರಲ್ಲ. ಹೋಗುವುದೆಲ್ಲ ಹಿಂದಿನ ಗೇಟಿನಿಂದ, ಅಡುಗೆಮನೆ ಪಕ್ಕದ ಓಣಿಯಿಂದ. ನನ್ನ ಹುಟ್ಟುಹಬ್ಬಕ್ಕೆ ಒಮ್ಮೆ ಹಟ ಹಿಡಿದು ಜೆ.ಪಿ. ನಗರದ ಹೋಟೆಲೊಂದಕ್ಕೆ ಊಟಕ್ಕೆ ಕರೆದೊಯ್ದೆ. ಮುಂಬಾಗಿಲಿನಲ್ಲಿ ಸೆಕ್ಯುರಿಟಿಯವನು ಸೆಲ್ಯೂಟ್ ಹೊಡೆದರೆ ಇವರೂ ಅವನಿಗೆ ಕೈ ಮುಗಿದರು. ಕೈ ತೊಳೆಯಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಊಟ ಆರುತ್ತಿತ್ತು. ಕೊನೆಗೆ ಬಂದರು, ಅಂಗೈಯನ್ನು ಮೂಗಿಗೆ ಹಿಡಿದುಕೊಂಡೇ. ಮುಖ ಅರಳಿತ್ತು. "ನಮ್ದೇ ಕಣಮ್ಮ! ಲೋಶನ್ನು ನಮ್ದೇ!" ಕೂತ ಮೇಲೆ ಮತ್ತೊಮ್ಮೆ ಮೂಸಿ, ಪಿಸುಗುಟ್ಟಿದರು: "ನೀರ್ ಬೆರ್ಸಿದಾರೆ, ಕಳ್ರು." ಆ ದಿನದ ಆಂಟಿಯೇ ನನ್ನ ಕಣ್ಣಿಗೆ ಹೆಚ್ಚಾಗಿ ಬರುವುದು.

ಹೋದ ವರ್ಷ ಎದೆ ನೋವೆಂದು ಆಸ್ಪತ್ರೆಗೆ ಸೇರಿದರು. ಹಿಂದೆಮುಂದೆ ಯಾರೂ ಇರಲಿಲ್ಲ. ಸಿದ್ದಾಪುರದ ತಂಗಿಯೊಬ್ಬರು, ನಾನು, ಅಷ್ಟೇ. ಹೋದಾಗಲೆಲ್ಲ ಮೊದಲ ಪ್ರಶ್ನೆ "ಕ್ಯಾನು ವಾಪಸ್ ಬಂತಾ?" ಎಂದೇ. ಕೊನೆಯ ಸಲ ಹೋದಾಗ ಅದನ್ನು ಕೇಳಲಿಲ್ಲ. ನನ್ನ ಕೈ ಹಿಡಿದು, ತೋರುಬೆರಳನ್ನು ಮೆಲ್ಲಗೆ ಸವರಿದರು. "ಇನ್ನೂ ಮೆತ್ತಗಿದೆ. ನೀನು ಗಂಟು ಹಾಕ್ತಾನೇ ಇಲ್ಲ," ಎಂದರು. "ನೀವು ಬಂದು ಹಾಕಿ ಆಂಟಿ," ಎಂದೆ. ನಕ್ಕರು. ಆಂಟಿ ಬರಲಿಲ್ಲ.

ತಂಗಿಯವರು "ನೀನೇ ನಡ್ಸಮ್ಮ, ಅಕ್ಕಂಗೂ ಅದೇ ಇಷ್ಟ ಇತ್ತು," ಎಂದು ಯೂನಿಟ್ಟಿನ ಬೀಗದ ಕೈ ಕೊಟ್ಟರು. ಕಾರ್ಯವೆಲ್ಲ ಮುಗಿದು ಬಾಗಿಲು ತೆಗೆದ ದಿನ ಆಟೋ ಬಂತು. ಡ್ರೈವರ್ ಖಾಲಿ ಕ್ಯಾನುಗಳನ್ನು ಸಾಲಾಗಿ ಇಳಿಸಿದ. ಎಲ್ಲ ಹಿಡಿಕೆಗಳ ಮೇಲೂ ಆಂಟಿಯ ಗಂಟು. ಹಳದಿ, ಹಸಿರು, ಕೆಂಪು. ಅಂತ್ಯಕ್ರಿಯೆಯ ದಿನ ಬಾರದ ಅಳು ಆಗ ಬಂತು. ತೊಳೆಯುವ ಕಲ್ಲಿನ ಪಕ್ಕ ಕೂತು ಮನಸಾರೆ ಅತ್ತೆ. ಆಮೇಲೆ ತೊಳೆದೆ. ತುಂಬಿದೆ. ಕಳಿಸಿದೆ.

ಆದರೆ ನೂಲು ಎಷ್ಟು ದಿನ ಬಾಳೀತು? ಕೆಲವು ಕೊಳೆತು ಬಿದ್ದವು. ಕೆಲವನ್ನು ಗಲೀಜಾಗಿದೆ ಎಂದು ಹೋಟೆಲಿನವರೇ ಕತ್ತರಿಸಿದರು. ಕೆಲವು ಕ್ಯಾನು ಒಡೆದವು. ಬಿದ್ದ ಕಡೆಯಲ್ಲೆಲ್ಲ ನಾನು ಗಂಟು ಹಾಕುತ್ತಾ ಬಂದೆ. ಈಗ ನನ್ನ ಗಂಟು ಬಿಚ್ಚುವುದಿಲ್ಲ. ಕಲಿತೆ ಎಂದು ತೋರಿಸೋಣವೆಂದರೆ ನೋಡುವವರಿಲ್ಲ.

ಕೊನೆಗೆ ಅವರ ಕೈಯ ಗಂಟು ಉಳಿದದ್ದು ಒಂದೇ ಕ್ಯಾನಿನ ಮೇಲೆ. ಕೆಂಪು ಮಾಸಿ ಗುಲಾಬಿಯಾಗಿತ್ತು. ಅದನ್ನು ಮೇಲೆ ಮನೆಗೆ ಒಯ್ದು ಕಪಾಟಿನಲ್ಲಿಟ್ಟೆ. ಬಾಗಿಲು ತೆಗೆದಾಗಲೆಲ್ಲ ಗಂಟು ಮುಟ್ಟಿ ನೋಡುತ್ತಿದ್ದೆ. ಬರಬರುತ್ತಾ ಅದು ಬರೀ ಪ್ಲಾಸ್ಟಿಕ್ ಡಬ್ಬವಾಗಿ ಕಾಣತೊಡಗಿತು. ಕ್ಯಾನು ಮೂಲೆಯಲ್ಲಿ ಕೂತಿರುವುದನ್ನು ಕಂಡರೆ ಆಂಟಿಗೆ ಆಗುತ್ತಿರಲಿಲ್ಲ. "ಇದ್ಯಾಕಮ್ಮ ಇಲ್ಲಿ ತೂಕಡಿಸ್ತಿದೆ? ತುಂಬಿ ಕಳ್ಸು," ಎಂದು ಗದರುತ್ತಿದ್ದರು.

ಮೊನ್ನೆ ಜಯನಗರದ ಅದೇ ಸ್ಪಾದಿಂದ ಲೋಶನ್ನು ಬೇಕೆಂದು ಫೋನು ಬಂತು. ಕಪಾಟಿನಿಂದ ಕ್ಯಾನು ಕೆಳಗೆ ತಂದೆ. ತುಂಬಿದೆ. ಡ್ರೈವರಿಗೂ ಆ ಗಂಟಿನ ಗುರುತು ಉಂಟು. "ಅಕ್ಕಾ, ಇದು ಇರ್ಲಿ ಬಿಡಿ. ಬೇರೆ ಕೊಡಿ. ಹೋಗಿ ಹಾಗೇ ಕಳೆದುಹೋದ್ರೆ?" ಎಂದ.

"ಇರ್ಲಿ, ತಗೊಂಡ್ ಹೋಗಣ್ಣ," ಎಂದೆ. ಹಿಡಿಕೆಯಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಇನ್ನೂ ವಾಪಸ್ ಬಂದಿಲ್ಲ. ಗೇಟಿನ ಹತ್ತಿರ ಆಟೋ ನಿಂತ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತೇನೆ, ಒಂದೊಂದೇ ಹಿಡಿಕೆ ನೋಡುತ್ತೇನೆ. ಇವತ್ತೂ ನೋಡಿದೆ. ಎಲ್ಲ ನನ್ನ ಗಂಟುಗಳೇ.